ರೇಡಿಯೋದ ಕಿವಿ ಹಿಂಡುವ ಹಕ್ಕು

ನನಗೊಂದು ಶಾರ್ಟ್‌ವೇವ್ ರೇಡಿಯೋ ಬೇಕು ಎಂದು ಊಟದ ಹೊತ್ತಿನಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಏನು ಹೇಳಿದರೂ ಅದು ಪಂಚಾಯಿತಿಗೆ ಬಿದ್ದ ಹಾಗೆ. ನಮ್ಮನೆಯವರು, ಅಂದರೆ ನನ್ನ ಗಂಡ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಅವರ ಅಣ್ಣ, ನನ್ನ ಭಾವ, ಹುಬ್ಬಳ್ಳಿ-ಧಾರವಾಡದ ನಡುವಿನ ಈ ನವನಗರದಲ್ಲಿ ನಮ್ಮ ಪಕ್ಕದ ಮನೆಯವರೇ. ಎಣ್ಣೆಗಾಯಿ ಮಾಡಿದ ದಿನ ಮಾತ್ರ ಅವರಿಗೆ ತಮ್ಮನ ಮೇಲೆ ಪ್ರೀತಿ ಉಕ್ಕುತ್ತದೆ. ಅಂದೂ ಉಕ್ಕಿತ್ತು, ಹಾಗಾಗಿ ಅವರೂ ತಲೆ ಎತ್ತಿದರು. ಎಂಬತ್ತು ದಾಟಿದ ಅತ್ತೆ ಮಾತ್ರ ತಾಟಿನಿಂದ ಕಣ್ಣು ಎತ್ತದೆ ಕೇಳಿದರು:

“ಮನ್ಯಾಗ ಇಷ್ಟ ಮಂದಿ ಮಾತಾಡ್ತೀವಿ. ಸಾಲೂದಿಲ್ಲೇನ ನಿನಗ?”

ಸಾಕಾಗಿ ಹೆಚ್ಚಾಗಿದೆ, ಅದಕ್ಕೇ ಕೇಳುತ್ತಿದ್ದೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಬದಲು ಅವರ ತಾಟಿಗೆ ಇನ್ನೊಂದು ಬದನೆಕಾಯಿ ಬಡಿಸಿದೆ.

“ಏನ್ ಕೇಳಾಕ ಬೇಕು?” ಎಂದರು ನಮ್ಮನೆಯವರು.

“ಏನಿಲ್ಲ. ಸುಮ್ನ.”

“ಸುಮ್ನ ಕೇಳಾಕ ರೇಡಿಯೋ ಯಾಕ? ಮೊಬೈಲ್‌ನ್ಯಾಗ ಜಗತ್ತಿನ ರೇಡಿಯೋ ಎಲ್ಲಾ ಬರ್ತಾವ. ಶಾರ್ಟ್‌ವೇವ್ ಸತ್ತು ಎಷ್ಟೋ ವರ್ಷ ಆತು.”

ಈ ‘ಸುಮ್ಮನೆ’ ಎಂಬುದು ನಮ್ಮ ಮನೆಯಲ್ಲಿ ಗಂಡಸರ ಪಾಲಿಗೆ ಬಂದ ಆಸ್ತಿ. ಅವರು ಸುಮ್ಮನೆ ಕಟ್ಟೆಗೆ ಹೋಗಿ ಕೂಡಬಹುದು, ಸುಮ್ಮನೆ ಹುಬ್ಬಳ್ಳಿಗೆ ಹೋಗಿ ಮಿರ್ಚಿ ತಿಂದು ಬರಬಹುದು, ಓದಿ ಮುಗಿಸಿದ ಪೇಪರನ್ನೇ ಸುಮ್ಮನೆ ಮತ್ತೊಮ್ಮೆ ಓದಬಹುದು. ಹೆಂಗಸು ಸುಮ್ಮನೆ ಏನಾದರೂ ಮಾಡಿದರೆ ಮೈಗೆ ಆರಾಮಿಲ್ಲವೇನು ಎಂದು ಹಣೆ ಮುಟ್ಟಿ ನೋಡುತ್ತಾರೆ. ನಾನು ಕೌಂಟರಿನ ಕೆಲಸದಿಂದ ನಿವೃತ್ತಳಾದವಳು. ಬದುಕಿನ ಅರ್ಧ ಭಾಗ ಗಾಜಿನ ಈಚೆ ಕೂತು ಊರವರ ತಕರಾರು ಕೇಳಿದ್ದೇನೆ. ಅದು ಕೆಲಸ, ಅದಕ್ಕೆ ಯಾರೂ ಯಾಕೆ ಎಂದು ಕೇಳಲಿಲ್ಲ.

ಶಾರ್ಟ್‌ವೇವ್ ಸತ್ತಿದೆ ಎನ್ನುವುದು ಪೂರ್ತಿ ಸುಳ್ಳೇನಲ್ಲ. ದೊಡ್ಡ ದೊಡ್ಡ ದೇಶದವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ. ಆದರೂ ಹೊತ್ತು ಮುಳುಗುವಾಗ ಆಕಾಶಕ್ಕೆ ಬಡಿದು, ಸಮುದ್ರ ದಾಟಿ, ಎಲ್ಲೆಲ್ಲಿಂದಲೋ ಬರುವ ದನಿಗಳು ಇನ್ನೂ ಇವೆ. ಇದನ್ನು ನನಗೆ ತೋರಿಸಿದವರು ಎದುರು ಮನೆಯ ಅಕ್ಕಾರು. ಮಿಷನ್ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಅವರಿಗೆ ರವಿವಾರ ಚರ್ಚು, ವಾರವಿಡೀ ಸಂಜೆ ರೇಡಿಯೋ. ಒಂದು ಸಂಜೆ ಕರಿಬೇವು ಕೇಳಲು ಅವರ ಹಿತ್ತಲಿಗೆ ಹೋಗಿದ್ದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ರೇಡಿಯೋದಲ್ಲಿ ಯಾರೋ ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಹಾಡುತ್ತಿದ್ದರು. ಅಕ್ಕಾರು ಅದನ್ನು ನನ್ನ ಕೈಗೇ ಕೊಟ್ಟು, “ನಾ ಕರಿಬೇವು ಕೊಯ್ತೇನಿ, ಅಲ್ಲೀತನಕ ನೀವು ತಿರುವ್ರಿ” ಎಂದರು.

ತಿರುವುವ ಗಾಲಿ ನನ್ನ ಬೆರಳಿನ ಕೆಳಗೇ ಇತ್ತು. ಬೆರಳು ಏಳಲಿಲ್ಲ. ಕರಿಬೇವು ಬಂತು, ನಾನು ರೇಡಿಯೋವನ್ನು ಕೊಟ್ಟ ಹಾಗೆಯೇ ವಾಪಸು ಕೊಟ್ಟೆ. ಮನೆಗೆ ಬಂದು ಒಗ್ಗರಣೆ ಹಾಕುವಾಗ ನನಗೇ ನಾಚಿಕೆಯಾಯಿತು.

ಇದಕ್ಕೆ ಕಾರಣ ಅಮ್ಮಿನಬಾವಿಯ ನಮ್ಮ ತವರುಮನೆ. ಅಲ್ಲಿ ಪಡಸಾಲೆಯ ಗೂಡಿನಲ್ಲಿ, ಕಸೂತಿ ಹಾಕಿದ ಹೊದಿಕೆಯೊಳಗೆ ಅಪ್ಪನ ರೇಡಿಯೋ ಇತ್ತು. ಹೊದಿಕೆ ಹೊಲಿದವಳು ಅವ್ವ, ಧೂಳು ಒರೆಸುವವಳು ನಾನು, ತಿರುವುವ ಗುಂಡಿ ಮಾತ್ರ ಅಪ್ಪನದು. ಗುಂಡಿಗೆ ನಮ್ಮಲ್ಲಿ ಕಿವಿ ಎನ್ನುತ್ತಿದ್ದರು. “ಹೆಣ್ಮಕ್ಕಳು ಕಿವಿ ಮುಟ್ಟಿದ್ರ ಸ್ಟೇಷನ್ ಸರೀತೈತಿ” ಎಂಬುದು ಅಪ್ಪನ ಸಿದ್ಧಾಂತ. ಮುಂದೆ ನಾನು ವಿಜ್ಞಾನವನ್ನೇ ಓದಿದೆ. ಈ ನಿಯಮ ಯಾವ ಪಠ್ಯಪುಸ್ತಕದಲ್ಲೂ ಸಿಗಲಿಲ್ಲ. ಆದರೆ ಮದುವೆಯಾಗಿ ಬಂದ ಮನೆಯಲ್ಲಿ ಅದನ್ನು ಯಾರೂ ಓದದೆಯೇ ಪಾಲಿಸುತ್ತಿದ್ದರು. ನಮ್ಮನೆಯವರ ಟ್ರಾನ್ಸಿಸ್ಟರ್ ಅವರ ಗಡ್ಡ ಕೆರೆಯುವ ಸಾಮಾನಿನ ಪಕ್ಕದಲ್ಲಿ ಇರುತ್ತಿತ್ತು. ಯಾರಾದರೂ ಒಬ್ಬಾಕೆ ಅದರಲ್ಲಿ ಮಾತು ಶುರುಮಾಡಿ ಅರ್ಧಕ್ಕೆ ಬರುವ ಹೊತ್ತಿಗೆ ಇವರಿಗೆ ಇನ್ನೊಂದು ಸ್ಟೇಷನ್ನಿನ ನೆನಪಾಗುತ್ತಿತ್ತು. ಒಳಗೆ ಹಿಟ್ಟು ನಾದುತ್ತಿದ್ದ ನಾನು ಆ ಉಳಿದ ಅರ್ಧ ಮಾತನ್ನು ಊಹಿಸಿಕೊಳ್ಳಬೇಕು. ಆಮೇಲೆ ಟಿವಿ ಬಂತು, ರಿಮೋಟ್ ಬಂತು, ಅದು ಅವರ ದಿಂಬಿನ ಕೆಳಗೆ ಸೇರಿತು.

ಒಟ್ಟಿನಲ್ಲಿ ಇಷ್ಟು ವರ್ಷ ನಾನು ಕೇಳಿದ್ದೆಲ್ಲ ಬೇರೆಯವರ ಬೆರಳು ಎಲ್ಲಿ ನಿಂತಿತೋ ಅಲ್ಲಿಯದು. ಒಮ್ಮೆ ನನ್ನ ಬೆರಳು ನಿಂತಲ್ಲಿ ನಿಂತು ಕೇಳಬೇಕು, ಬೇಕೆನಿಸುವಷ್ಟು ಹೊತ್ತು ಕೇಳಬೇಕು ಎಂದು ಒಂದು ಹಟ ಹುಟ್ಟಿತು. ನನಗೆ ರೇಡಿಯೋದ ಕಿವಿ ಬೇಕಾಗಿತ್ತು. ಉಳಿದ ರೇಡಿಯೋ ಅದಕ್ಕೆ ಅಂಟಿಕೊಂಡು ಬರುವುದಾದರೆ ಬರಲಿ. ಅಕ್ಕಾರ ರೇಡಿಯೋವನ್ನೇ ಎರಡು ದಿನದ ಮಟ್ಟಿಗೆ ಕೊಡಿರೆಂದು ಕೇಳಿ ನೋಡಿದ್ದೆ. ಅವರು ಮುಲಾಜಿಲ್ಲದೆ ಹೇಳಿದ್ದರು: “ಹಲ್ಲು ತಿಕ್ಕೂ ಬ್ರಷ್ಷು, ರೇಡಿಯೋ, ಎರಡೂ ಯಾರಿಗೂ ಕೊಡಬಾರದ್ರಿ. ನಿಮ್ದು ನೀವ ತಗೋರಿ.”

ಇದನ್ನೆಲ್ಲ ಊಟದ ಪಂಚಾಯಿತಿಯಲ್ಲಿ ವಿವರಿಸಲು ಆಗುತ್ತದೆಯೇ? ಅದಕ್ಕೇ ‘ಸುಮ್ನ’ ಎಂದಿದ್ದೆ.

ಮರುದಿನ ಬೆಳಿಗ್ಗೆ ನೋಡಿದರೆ, ಹಿಂದಿನ ದಿನ ಸತ್ತಿದ್ದ ಶಾರ್ಟ್‌ವೇವ್ ನಮ್ಮನೆಯವರ ಮೊಬೈಲಿನಲ್ಲಿ ಎದ್ದು ಕೂತಿತ್ತು. ಅವರು ವಿಡಿಯೋ ನೋಡಿ ನೋಡಿ ಪಂಡಿತರಾಗಿದ್ದರು. ಉಪ್ಪಿಟ್ಟು ತಿನ್ನುತ್ತ ಸೆನ್ಸಿಟಿವಿಟಿ ಎಂದರು, ಚಹಾ ಕುಡಿಯುತ್ತ ಸೆಲೆಕ್ಟಿವಿಟಿ ಎಂದರು. ಸಂಸಾರ ಹೂಡಿದಾಗಿನಿಂದ ಕುಕ್ಕರಿನ ರಬ್ಬರ್ ಒಂದನ್ನು ಬದಲಿಸದ ಮನುಷ್ಯ ಬ್ಯಾಂಡ್‌ವಿಡ್ತ್ ಅಗಲವಿರಬೇಕೋ ಕಿರಿದಿರಬೇಕೋ ಎಂದು ನನಗೆ ಬೋಧನೆ ಮಾಡಿದರು. ನಾನು ಹೂಂ ಎಂದೆ. ಹೂಂ ಎನ್ನುವುದರಲ್ಲಿ ನನಗೆ ದೀರ್ಘ ಅನುಭವವಿದೆ.

ಕಡೆಗೆ ಅವರು ಒಂದು ಡಿಜಿಟಲ್ ರೇಡಿಯೋದ ಚಿತ್ರ ತೋರಿಸಿದರು. ಮುಖದ ತುಂಬ ಬಟನ್ನು, ನೂರಾರು ಸ್ಟೇಷನ್ ನೆನಪಿಡುತ್ತದಂತೆ. “ನಾ ಎಲ್ಲಾ ಸ್ಟೇಷನ್ ಹುಡುಕಿ ತುಂಬಿ ಕೊಡ್ತೇನಿ. ನೀ ಬರೇ ಒತ್ತಿದ್ರ ಆತು. ಹುಡುಕೂ ತ್ರಾಸನ ಇಲ್ಲ ನೋಡು” ಎಂದರು.

ಪ್ರೀತಿಯಿಂದಲೇ ಹೇಳಿದರು, ಅದು ನನಗೆ ಗೊತ್ತು. ಪ್ರೀತಿಯಿಂದ ಹೇಳುವವರ ಹತ್ತಿರ ಜಗಳ ಮಾಡುವುದು ಎಷ್ಟು ಕಷ್ಟ ಎಂಬುದೂ ಗೊತ್ತು. ನನಗೆ ಬೇಕಾಗಿದ್ದ ತ್ರಾಸು ಅದೊಂದೇ, ಅದನ್ನೇ ಅವರು ತಾವು ಹೊತ್ತುಕೊಳ್ಳಲು ತಯಾರಾಗಿದ್ದರು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಭಾವನವರು ಬದುಕಿಡೀ ಹುಬ್ಬಳ್ಳಿಯಲ್ಲಿ ಹತ್ತಿಯ ದಲಾಲಿ ಮಾಡಿದವರು. ಅಂಡಿಗೆಯ ದೊಡ್ಡ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಹತ್ತಿ ಎಳೆದು, ಕಣ್ಣು ಮುಚ್ಚಿ ಹಿಸುಕಿ, ಅದು ಯಾವ ಊರಿನ ಹೊಲದ್ದು ಎಂದು ಹೇಳುತ್ತಿದ್ದರಂತೆ. ಹೇಳಿದ್ದು ಸರಿಯಾಗಿತ್ತೇ ಎಂದು ನೋಡಿ ಬಂದವರು ಯಾರೂ ಇಲ್ಲ. ಅವರ ಲೆಕ್ಕದಲ್ಲಿ ಜಗತ್ತಿನ ಯಾವ ವಸ್ತುವನ್ನಾದರೂ ಕೈಯಲ್ಲಿ ಹಿಡಿದರೆ ಗುಣ ತಿಳಿಯುತ್ತದೆ.

“ವಿಡಿಯೋದಾಗ ಏನ್ ತಿಳೀತೈತಿ? ಮಾಲು ಕೈಯಾಗ ಹಿಡೀಬೇಕು. ತೂಕ ಇದ್ರ ಮಾಲು, ಇಲ್ಲಂದ್ರ ಡಬ್ಬಿ” ಎಂದು ತೀರ್ಪು ಕೊಟ್ಟರು.

ಮರುದಿನ ಅಣ್ಣತಮ್ಮಂದಿರು ಕೂಡಿ ಹುಬ್ಬಳ್ಳಿ ಪೇಟೆಗೆ ಹೋದರು. ನನ್ನ ರೇಡಿಯೋ ಆರಿಸಲು ನನ್ನೊಬ್ಬಳನ್ನು ಬಿಟ್ಟು ಹೋದರು. ಕನ್ಯೆ ನೋಡುವ ಶಾಸ್ತ್ರದಲ್ಲಾದರೂ ಕನ್ಯೆಯನ್ನು ಎದುರಿಗೆ ಕೂಡಿಸಿಕೊಳ್ಳುತ್ತಾರೆ.

ಅಲ್ಲಿ ನಡೆದದ್ದನ್ನು ನಮ್ಮನೆಯವರೇ ಆಮೇಲೆ ಹೇಳಿದರು. ಭಾವನವರು ಅಂಗಡಿಯಲ್ಲಿದ್ದ ರೇಡಿಯೋಗಳನ್ನು ಒಂದೊಂದಾಗಿ ಅಂಗೈ ಮೇಲೆ ಇಟ್ಟುಕೊಂಡು, ಮೇಲೆ ಕೆಳಗೆ ಆಡಿಸಿ, ಎಲ್ಲಕ್ಕಿಂತ ಭಾರವಾದದ್ದನ್ನು ಆರಿಸಿದರಂತೆ. ಹಚ್ಚಿ ನೋಡಲಿಲ್ಲವೇ ಎಂದು ಕೇಳಿದೆ. “ಅಣ್ಣ ಹಿಡದ ನೋಡಿದ್ನಲ್ಲ” ಎಂದರು. ಆಮೇಲೆ ಭಾವನವರು ಹೆಗಲ ಮೇಲಿನ ವಸ್ತ್ರ ತೆಗೆದು ಅಂಗಡಿಯವನ ಕೈ ಮೇಲೆ ಹಾಕಿ, ಅದರ ಕೆಳಗೆ ಅವನ ಬೆರಳು ಹಿಡಿದರಂತೆ. ಹಳೆಯ ಹತ್ತಿಪೇಟೆಯಲ್ಲಿ ದರ ಬಾಯಿಂದ ಹೇಳುವ ಪದ್ಧತಿಯಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದೇ ವ್ಯವಹಾರ. ಚಾರ್ಜರು ಮಾರುವವನಿಗೆ ಅದು ಹೇಗೆ ತಿಳಿಯಬೇಕು? ಅಜ್ಜಗ ಚಕ್ಕರ್ ಬಂತು ಎಂದು ಅವನು ಹೌಹಾರಿ, ಕುರ್ಚಿ ಹಾಕಿ ಕೂಡಿಸಿ, ಫ್ಯಾನು ತಿರುಗಿಸಿ ನೀರು ಕುಡಿಸಿದನಂತೆ. ಚೌಕಾಸಿ ಅಲ್ಲಿಗೇ ಮುಗಿಯಿತು. ಕೇಳಿದಷ್ಟು ಕೊಟ್ಟು ಬಂದರು.

ಬಂದ ವಸ್ತುವನ್ನು ರೇಡಿಯೋ ಎಂದು ಕರೆದರೆ ಅದಕ್ಕೆ ಅವಮಾನ. ಅದರಲ್ಲಿ ಬ್ಯಾಟರಿ ದೀಪ ಇತ್ತು, ಸೈರನ್ ಇತ್ತು, ಪೆನ್‌ಡ್ರೈವ್ ಸಿಕ್ಕಿಸುವ ತೂತು ಇತ್ತು, ಬಿಸಿಲಿಗೆ ಇಟ್ಟರೆ ಚಾರ್ಜ್ ಆಗುವ ಫಲಕ ಇತ್ತು. ಎಲ್ಲೋ ಒಂದು ಮೂಲೆಯಲ್ಲಿ ನಾಚಿಕೊಂಡು ಶಾರ್ಟ್‌ವೇವ್ ಎಂದೂ ಬರೆದಿತ್ತು. ಹೊಸ ವಸ್ತು ಮನೆಗೆ ಬಂದರೆ ಪೂಜೆಯಾಗಬೇಕಲ್ಲ? ಅತ್ತೆ ದೇವರ ಮನೆಯಿಂದ ವಿಭೂತಿ ತಂದು, ಎಲ್ಲಿ ಸ್ಟೇಷನ್ನಿನ ಅಂಕಿಗಳಿವೆಯೋ ಸರಿಯಾಗಿ ಅದರ ಮೇಲೆ ಮೂರು ಬೆರಳು ಎಳೆದರು. ಸ್ಪೀಕರಿನ ಜಾಳಿಗೆಗೆ ಅರಿಷಿಣ ಕುಂಕುಮ ಬಿತ್ತು. ಕಾಯಿ ಒಡೆದ ನೀರನ್ನು ಚಿಮುಕಿಸಿದರು. ಶಾರ್ಟ್‌ವೇವಿಗೆ ಅಂತ್ಯಸಂಸ್ಕಾರವೂ ಹೀಗೇ ಆಗುತ್ತದೇನೋ ಎಂದುಕೊಂಡೆ.

ಎಲ್ಲರೂ ಸುತ್ತ ಕೂತೆವು. ನಾನು ಕೈ ಚಾಚುವಷ್ಟರಲ್ಲಿ ನಮ್ಮನೆಯವರು ಗುಂಡಿ ಹಿಡಿದಿದ್ದರು. ಧಾರವಾಡ ಸ್ಟೇಷನ್ ಬಂತು. ಮುಂದೆ ತಿರುವಿದರು, ಧಾರವಾಡ ಬಂತು. ಶಾರ್ಟ್‌ವೇವಿಗೆ ಹಾಕಿ ಈ ತುದಿಯಿಂದ ಆ ತುದಿಯವರೆಗೆ ತಿರುವಿದರು. ಅಲ್ಲೂ ಧಾರವಾಡದವರೇ, ಕೃಷಿಯ ಬಗ್ಗೆ ಮಾತಾಡುತ್ತಿದ್ದರು. ಧಾರವಾಡ ಕೇಳಬಾರದೆಂದಲ್ಲ. ಆದರೆ ಧಾರವಾಡಕ್ಕೆ ನಮಗೆ ಸಿಟಿ ಬಸ್ಸೇ ಇದೆ.

“ಎಲ್ಲಾ ಕಡೆ ಬರಾಕತ್ತೈತಿ. ಭಾರಿ ಪವರ್ ಐತಿ ಇದಕ್ಕ!” ಎಂದರು ಭಾವ.

ಅದನ್ನು ಗೂಡಿಗೆ ಎತ್ತಿಡುವಾಗ ಒಳಗೆ ಏನೋ ಕಟಕಟ ಎಂದಿತು. ನಮ್ಮನೆಯವರು ಸ್ಕ್ರೂ ತಿರುವಿ ಹಿಂದಿನ ಮುಚ್ಚಳ ತೆಗೆದರು. ಅಂಟು ಬಿಟ್ಟ ಒಂದು ಕಬ್ಬಿಣದ ಪಟ್ಟಿ ಹೊರಗೆ ಬಂತು. ಯಾವ ವಯರೂ ಅದಕ್ಕೆ ಜೋಡಿಸಿರಲಿಲ್ಲ. ಭಾವನವರಂಥ ಗಿರಾಕಿಗಳು ಬರುತ್ತಾರೆಂದು ತಿಳಿದೇ ಯಾರೋ ಪುಣ್ಯಾತ್ಮರು ಭಾರಕ್ಕೆಂದು ಅದನ್ನು ಒಳಗಿಟ್ಟಿದ್ದರು. ಪಟ್ಟಿ ತೆಗೆದ ಮೇಲೆ ರೇಡಿಯೋ ಹಪ್ಪಳದಷ್ಟು ಹಗುರಾಯಿತು. ಭಾವನವರು ಪಟ್ಟಿಯನ್ನು ಅಂಗೈ ಮೇಲೆ ಇಟ್ಟು ತೂಗಿ ನೋಡಿದರು.

“ಹತ್ತ್ಯಾಗ ನೀರ ಹೊಡದಿದ್ರ ನನ್ನ ಕೈಗೆ ತಿಳೀತಿತ್ತು. ಇದು ಕಬ್ಬಿಣ” ಎಂದರು. ಅವರ ಮುಖ ನೋಡಿ ನಗಲು ಮನಸ್ಸಾಗಲಿಲ್ಲ. ಅಡುಗೆಮನೆಗೆ ಹೋಗಿ ನಕ್ಕೆ.

ನಗು ಅಲ್ಲಿಗೆ ಮುಗಿಯಿತು. ಏಕೆಂದರೆ ಮನೆಯವರೆಲ್ಲರ ದೃಷ್ಟಿಯಲ್ಲಿ ನನ್ನ ಆಸೆ ಪೂರೈಸಿತ್ತು. ರೇಡಿಯೋ ಕೇಳಿದ್ದೆ, ರೇಡಿಯೋ ಬಂದಿತ್ತು, ಪೂಜೆಯೂ ಆಗಿತ್ತು. ಬೆಳಿಗ್ಗೆ ನಮ್ಮನೆಯವರು ಅದರಲ್ಲಿ ಸುದ್ದಿ ಕೇಳುತ್ತಿದ್ದರು, ಕರೆಂಟ್ ಹೋದಾಗ ಭಾವನವರು ಅದರ ದೀಪ ಹಿಡಿದುಕೊಂಡು ಓಡಾಡುತ್ತಿದ್ದರು. “ನಿನ್ನ ರೇಡಿಯೋ ಛಲೋ ಆತು ನೋಡು” ಎಂದು ಇಬ್ಬರೂ ನನಗೇ ಹೇಳುತ್ತಿದ್ದರು. ಒಂದು ದಿನ ಹೀಗೆ ಹೇಳಿದಾಗ ನನಗೆ ಅಳು ಬಂತು. ದುಃಖದ ಅಳುವಲ್ಲ, ಸಿಟ್ಟಿನದು. ಈ ವಯಸ್ಸಿಗೂ ನನಗೆ ಬೇಕಾದ ಒಂದು ಸಣ್ಣ ವಸ್ತುವನ್ನು ನಾನೇ ಹೋಗಿ ತರಲಿಲ್ಲವಲ್ಲ ಎಂದು ನನ್ನ ಮೇಲೇ ಬಂದ ಸಿಟ್ಟು.

ಅಕ್ಕಾರ ಹತ್ತಿರ ಹೋಗಿ ಕೇಳಿದೆ, ಹೇಗೆ ಆರಿಸಬೇಕು ಅಂತ. ಅವರು ಸೆನ್ಸಿಟಿವಿಟಿ ಎನ್ನಲಿಲ್ಲ.

“ಅಂಗಡಿ ಒಳಗ ಹಚ್ಚಿ ನೋಡಬ್ಯಾಡ್ರಿ” ಎಂದರು. “ಅಲ್ಲಿ ದೀಪ, ಟಿವಿ, ಚಾರ್ಜರ್ ಎಲ್ಲಾ ಕೂಡಿ ಒದರ್ತಿರ್ತಾವ. ಸಂಜಿ ಮುಂದ ಹೋಗ್ರಿ, ಹೊರಗ ತಂದು ಕೇಳ್ರಿ. ಸೆಲ್ಲು ನಮ್ಮ ಕಿರಾಣಿ ಅಂಗಡ್ಯಾಗ ಸಿಗೂವಂಗ ಇರಬೇಕು. ಮಲ್ಕೊಂಡು ಎದಿ ಮ್ಯಾಲೆ ಇಟ್ಕೊಂಡ್ರ ಭಾರ ಅನಸಬಾರದು. ಗಾಲಿ ನಿಮ್ಮ ಬೆರಳಿಗೆ ಹಿತ ಆಗಬೇಕು. ಸುಮ್ನ ಕೇಳಾವ್ರಿಗೆ ಇಷ್ಟ ಸಾಕು. ಉಳದದ್ದೆಲ್ಲಾ ಗಂಡಸರ ಹರಟಿ.”

ಮರುದಿನ ಇಳಿಹೊತ್ತಿಗೆ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದೆ. “ರೇಡಿಯೋ ತರಾಕ ಹೊಂಟೇನಿ” ಎಂದೆ.

“ಐತೆಲ್ಲ?” ಎಂದರು ನಮ್ಮನೆಯವರು.

“ಅದು ನಿಮ್ದು.”

“ತಡಿ, ನಾನೂ ಬರ್ತೇನಿ. ಪ್ಯಾಂಟ್ ಹಾಕ್ಕೋತೇನಿ.”

ಅವರು ಪ್ಯಾಂಟ್ ಹಾಕಿಕೊಳ್ಳುವಷ್ಟರಲ್ಲಿ ನಾನು ಬಸ್ಸಿನಲ್ಲಿದ್ದೆ. ಗೋಕುಲ ರಸ್ತೆಯಲ್ಲಿ ಇಳಿದು ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ ಹೊಕ್ಕೆ. ನನ್ನಷ್ಟೇ ತಲೆ ನರೆತ ಅಂಗಡಿಯವರು ಎದ್ದು ನಿಂತು ಉಪಚಾರ ಮಾಡಿದರು.

“ಯಾರಿಗ್ರಿ ರೇಡಿಯೋ? ಸಾಹೇಬರಿಗೇನ್ರಿ?”

“ನನಗ.”

“ಸಾಹೇಬರು ಬಂದಿಲ್ಲೇನ್ರಿ?”

“ಪ್ಯಾಂಟ್ ಹಾಕ್ಕೊಳ್ಳಾಕತ್ತಾರ್ರಿ.”

ಅವರು ಕಪಾಟಿನತ್ತ ತಿರುಗಿದರು. ನಮ್ಮನೆಯವರು ತೋರಿಸಿದ್ದಂಥದೇ ಒಂದು ಡಿಜಿಟಲ್ ರೇಡಿಯೋ ತೆಗೆದು ಕೊಟ್ಟರು. ಅದನ್ನು ಹಿಡಿದು ಅಂಗಡಿಯ ಹೊರಗೆ ಫುಟ್‌ಪಾತಿಗೆ ಬಂದೆ. ಹೆಂಗಸು ಓಡಿಹೋದಾಳು ಎಂದೋ ಏನೋ ಅವರೂ ಹಿಂದೆಯೇ ಬಂದರು. ಅದಕ್ಕೆ ತಿರುವುವ ಗಾಲಿಯೂ ಇತ್ತು, ದನಿಯೂ ಸ್ವಚ್ಛವಾಗಿತ್ತು. ಆದರೆ ಗಾಲಿಯನ್ನು ಒಂದು ಗೆಣ್ಣು ತಿರುವಿದಾಗಲೆಲ್ಲ ಅದು ಬಾಯಿ ಮುಚ್ಚಿಕೊಂಡು, ಯೋಚಿಸಿ, ಮತ್ತೆ ಬಾಯಿ ತೆರೆಯುತ್ತಿತ್ತು. ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಅದರಲ್ಲಿ ಇರಲಿಲ್ಲ, ಬರೀ ಊರುಗಳು. ಇನ್ನೊಂದು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದು. ಅದರ ಗಾಲಿ ನನ್ನ ಉಗುರಿಗೂ ಸಿಗಲಿಲ್ಲ.

ಮೂರನೆಯದನ್ನು ಅವರು ಸಂಕೋಚದಿಂದಲೇ ತಂದರು. ಮುಳ್ಳಿನ ರೇಡಿಯೋ. ಗಾಜಿನ ಹಿಂದೆ ಕೆಂಪು ಮುಳ್ಳು, ಬಲಗಡೆ ಅಂಚಿನಲ್ಲಿ ಹಲ್ಲುಹಲ್ಲಾದ ಗಾಲಿ. ಹೆಬ್ಬೆರಳು ತಾನಾಗಿ ಹೋಗಿ ಅದರ ಮೇಲೆ ಕೂತಿತು.

“ಇದು ಖರೇ ಹೇಳಬೇಕಂದ್ರ ಹಳೇ ಪದ್ಧತೀದ್ರಿ. ಸ್ಟೇಷನ್ ಎಲ್ಲಿ ಐತಿ ಅಂತ ನಿಕ್ಕಿ ತಿಳಿಯೂದಿಲ್ಲ. ಒಮ್ಮೊಮ್ಮೆ ತಾನ ಸರೀತೈತಿ” ಎಂದರು.

“ಸರೀಲಿ” ಎಂದೆ.

ಏರಿಯಲ್ ಎಳೆದು ನಿಲ್ಲಿಸಿದೆ. ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಬಂದು, ಅದನ್ನು ಉತ್ತರಕ್ಕೆ ಹಿಡಿಯಿರಿ ಎಂದರು. ಇನ್ನೊಬ್ಬರು ದಕ್ಷಿಣಕ್ಕೆ ಎಂದರು. ಹುಬ್ಬಳ್ಳಿಯಲ್ಲಿ ಹೆಂಗಸೊಬ್ಬಳು ರಸ್ತೆಯಲ್ಲಿ ನಿಂತು ಏನನ್ನಾದರೂ ಹಿಡಿದುಕೊಂಡರೆ ಅದನ್ನು ಹೇಗೆ ಹಿಡಿಯಬೇಕೆಂದು ಹೇಳಿಕೊಡಲು ಜನರಿಗೆ ಕೊರತೆಯಿಲ್ಲ. ಕಣ್ಣು ಮುಚ್ಚಿಕೊಂಡು ಗಾಲಿ ತಿರುವಿದೆ. ಸರಸರ ಸದ್ದು, ಒಂದು ಸಿಳ್ಳು, ಅದರ ಹಿಂದಿನಿಂದ ಎಲ್ಲಿಯದೋ ಡೋಲು, ಆಮೇಲೆ ಒಬ್ಬ ಗಂಡಸು ಬಡಬಡನೆ ಮಾತಾಡಿದ. ಸಾಕೆನಿಸಿತು, ಬೆರಳು ಸರಿಸಿದೆ, ಅವನು ಬಾಯಿ ಮುಚ್ಚಿದ. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಆಟೋದವರು ಹಾರ್ನ್ ಹೊಡೆಯುತ್ತಿದ್ದರು, ನಾನು ಹಲ್ಲು ಕಾಣುವ ಹಾಗೆ ನಗುತ್ತ ನಿಂತಿದ್ದೆ.

ಮನೆಗೆ ಬಂದರೆ ನಮ್ಮನೆಯವರು ಪ್ಯಾಂಟ್ ಹಾಕಿಕೊಂಡೇ ಕಟ್ಟೆಯ ಮೇಲೆ ಮುಖ ಊದಿಸಿ, ಕ್ಯಾಣ ಹಿಡಿದು ಕೂತಿದ್ದರು. ಪೆಟ್ಟಿಗೆ ಬಿಚ್ಚಿ ಸೆಲ್ಲು ಹಾಕುವವರೆಗೆ ಸುಮ್ಮನಿದ್ದು, ಆಮೇಲೆ ಅಭ್ಯಾಸಬಲದಿಂದ ಕೈ ಚಾಚಿದರು.

“ಕೈ ತಗೀರಿ” ಎಂದೆ.

ಮದುವೆಯಾದಾಗಿನಿಂದ ಆ ದನಿಯಲ್ಲಿ ಅವರೊಡನೆ ಮಾತಾಡಿದ ನೆನಪು ನನಗಿಲ್ಲ. ಅವರಿಗೂ ಇರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

“ಸ್ಟೇಷನ್ ಸರಿ ಹಚ್ಚಿಕೊಡ್ತೇನಿ ಅಂದೆ...”

“ನಾ ಹಚ್ಕೋತೇನಿ.”

ಅತ್ತೆ ವಿಭೂತಿಯ ಗಟ್ಟಿ ಹಿಡಿದು ಬಂದರು. ಬೆನ್ನಿಗೆ ಹಚ್ಚಿರಿ, ಮುಖಕ್ಕೆ ಬೇಡ ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆಲ್ಲಿನ ಮುಚ್ಚಳಕ್ಕೆ ವಿಭೂತಿ ಹಚ್ಚಿ, “ಬಂತಪಾ ಕಾಲ” ಎಂದು ಒಳಗೆ ಹೋದರು.

ಅಂದಿನಿಂದ ಸಂಜೆಯ ಹೊತ್ತು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ನನ್ನ ಠಾವು. ಅಕ್ಕಾರು ಹೇಳಿಕೊಟ್ಟಂತೆ ಏರಿಯಲ್‌ಗೆ ಒಂದು ವಯರು ಸಿಕ್ಕಿಸಿ ಬಟ್ಟೆ ಒಣಗಿಸುವ ತಂತಿಗೆ ಜೋಡಿಸುತ್ತೇನೆ. ನಮ್ಮನೆಯವರ ಒದ್ದೆ ಬನಿಯನ್ನುಗಳ ಮೂಲಕ ಜಗತ್ತು ಒಳಗೆ ಬರುತ್ತದೆ. ಚೀನಾದವರು ಗಟ್ಟಿಯಾಗಿ ಬರುತ್ತಾರೆ, ಅರಬಸ್ತಾನದ ಹಾಡು ಏರಿ ಇಳಿದು ಬರುತ್ತದೆ, ಮಿಕ್ಕವರು ಯಾರೆಂದು ನನಗೆ ಗೊತ್ತಿಲ್ಲ. “ಏನ್ ತಿಳೀತು?” ಎಂದು ನಮ್ಮನೆಯವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಏನೂ ಇಲ್ಲ ಎನ್ನುತ್ತಿದ್ದೆ. ತಿಳಿಯುವ ಮಾತುಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಅತ್ತೆಯ ಹೊರಸು ಅಲ್ಲೇ ಹಿತ್ತಲಲ್ಲಿ. ಸಂಜೆ ಅವರು ಅದರ ಮೇಲೆ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾರೆ. ಸಿಳ್ಳು ಬಂದಾಗಲೆಲ್ಲ “ಆತಿಲ್ಲೋ ನಿನ್ನ ಭಜನಿ?” ಎಂದು ಕುಟುಕುತ್ತಿದ್ದರು. ಕುಟುಕಿದರೂ ಎದ್ದು ಒಳಗೆ ಹೋಗುತ್ತಿರಲಿಲ್ಲ. ನನಗೆ ಕಿರಿಕಿರಿ ಮಾಡಲೆಂದೇ ಕೂತಿದ್ದಾರೆ ಎಂದು ತಿಳಿದಿದ್ದೆ.

ಒಂದು ಸಂಜೆ ಒಳಗೆ ಹಾಲು ಉಕ್ಕುವ ಸದ್ದಾಯಿತು. ರೇಡಿಯೋವನ್ನು ಕಲ್ಲಿನ ಮೇಲೆ ಬಿಟ್ಟು ಓಡಿದೆ. ಒಲೆ ಒರೆಸುತ್ತಿರುವಾಗ ಹಿತ್ತಲಲ್ಲಿ ಹಾಡು ನಿಂತು ಸಿಳ್ಳು ಎದ್ದಿತು, ಆಮೇಲೆ ಬೇರೊಂದು ದನಿ, ಮತ್ತೆ ಸಿಳ್ಳು. ತಾನೇ ಸರಿಯಿತೇನೋ ಎಂದುಕೊಂಡು ಹೊರಗೆ ಬಂದೆ. ಅತ್ತೆ ಹೊರಸಿನಿಂದ ಎದ್ದು ಬಂದು ಕಲ್ಲಿನ ಹತ್ತಿರ ನಿಂತಿದ್ದರು. ಒಂದು ಬೆರಳು ಗಾಲಿಯ ಮೇಲಿತ್ತು. ನನ್ನನ್ನು ನೋಡಿದ ಕೂಡಲೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ನಾ ಮುಟ್ಟಿಲ್ಲ” ಎಂದರು.

ಎಂಬತ್ತು ದಾಟಿದವರು. ಈ ಮನೆಯನ್ನು ಆಳಿದವರು, ನನ್ನನ್ನೂ ಆಳಿದವರು. ನಾನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ತಂತಿಗೆ ಹಾಕಿದೆ. ಅವರೇ ಮುಂದುವರಿಸಿದರು: “ಮುಟ್ಟಾಕ ಕೊಡ್ತಿದ್ದಿಲ್ಲ ನಮಗ. ತವರ ಮನ್ಯಾಗೂ ಇಲ್ಲ, ಈ ಮನ್ಯಾಗೂ ಇಲ್ಲ. ಹೆಂಗ ತಿರಗತೈತಿ ನೋಡೂಣು ಅಂತ...”

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ಜಗಳ ಮಾಡಿ ತಂದದ್ದು, ಬಿಟ್ಟುಕೊಡಲು ಕೈ ಬರಲಿಲ್ಲ. ಇಷ್ಟು ದಿನ ಕುಟುಕಿದ್ದೆಲ್ಲ ನೆನಪಾಯಿತು. ಆದರೆ ಸೆರಗಿನೊಳಗೆ ಆ ಕೈ ಇನ್ನೂ ಮುದುಡಿಕೊಂಡೇ ಇತ್ತು. ಅದನ್ನು ನೋಡಿ ನಿಲ್ಲಲಾಗಲಿಲ್ಲ. ಅವರನ್ನು ಹೊರಸಿನ ಮೇಲೆ ಕೂಡಿಸಿ, ತೊಡೆಯ ಮೇಲಿನ ಹತ್ತಿ ಸರಿಸಿ, ರೇಡಿಯೋ ಇಟ್ಟೆ. “ತಿರುವ್ರಿ ಅತ್ತಿ” ಎಂದು ನಾನು ಕಲ್ಲಿನ ಮೇಲೆ ಕೂತೆ.

ಅವರು ಮಗುವಿನ ಗಲ್ಲ ಮುಟ್ಟಿದ ಹಾಗೆ ಗಾಲಿ ಮುಟ್ಟಿದರು. ಮುಳ್ಳು ಸರಿಯಿತು. ಸಿಳ್ಳಿಗೆ ಹೆದರಿದರು, ಡೋಲಿಗೆ ನಕ್ಕರು, ಹಾಡನ್ನು ದಾಟಿಕೊಂಡು ಮುಂದೆ ಹೋದರು. ಒಂದು ಕಡೆ ಯಾರೋ ಒಬ್ಬಾಕೆ ಮಾತಾಡುತ್ತಿದ್ದಳು. ವಯಸ್ಸಾದ ದನಿ, ಅವಸರವಿಲ್ಲದ ಮಾತು. ಯಾವ ಭಾಷೆಯೋ ಶಿವನೇ ಬಲ್ಲ. ಅತ್ತೆಯ ಬೆರಳು ಅಲ್ಲಿ ನಿಂತಿತು.

ಅಷ್ಟರಲ್ಲಿ ನಮ್ಮನೆಯವರು ಚಹಾ ಆಯಿತೇ ಎಂದು ನೋಡಲು ಬಂದರು. ತಾಯಿಯ ತೊಡೆಯ ಮೇಲೆ ರೇಡಿಯೋ ನೋಡಿ ಅವರಿಗೆ ಕನಿಕರವೇ ಉಕ್ಕಿತು. “ಅವ್ವಾ, ಅದೇನ್ ತಿಳಿಯೂದಿಲ್ಲ ನಿನಗ. ಇಲ್ಲಿ ಕೊಡು, ಕನ್ನಡ ಹಚ್ಚಿಕೊಡ್ತೇನಿ” ಎಂದು ಬಗ್ಗಿ ಕೈ ಚಾಚಿದರು.

ಅತ್ತೆ ಮೈ ತಿರುಗಿಸಿ ರೇಡಿಯೋವನ್ನು ಎದೆಗೆ ಅವಚಿಕೊಂಡರು.

“ತಡಿಯೋ. ಆಕಿ ಮಾತ ಇನ್ನೂ ಮುಗದಿಲ್ಲ.”

ನಮ್ಮನೆಯವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಒಗೆಯುವ ಕಲ್ಲಿನ ತುದಿಗೆ ನನ್ನ ಪಕ್ಕದಲ್ಲಿ ಕೂತರು. ಆಕೆ ಯಾವ ದೇಶದವಳೋ, ಏನು ಹೇಳುತ್ತಿದ್ದಳೋ, ಬಹಳ ಹೊತ್ತು ಹೇಳಿದಳು. ಅವಳು ಹೇಳಿ ಮುಗಿಸುವವರೆಗೂ ಮೂವರೂ ಬಾಯಿ ಮುಚ್ಚಿಕೊಂಡು ಕೇಳಿದೆವು.